ಅಪ್ಪನನ್ನು ಕಳೆದುಕೊಂಡ ಹುಡುಗನಿಗೆ ಸಾವಿನ ಕಥೆ ಓದಿಸೋದಾ?

ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಶನಿವಾರ ಮಧ್ಯಾಹ್ನ ನಾನು ಮಕ್ಕಳ ಜೊತೆ ಕಾದಂಬರಿ ಓದುತ್ತೇನೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೊಸ ಬೋರ್ಡು ಬಂದಿದೆ. ಕನ್ನಡದ ಪುಸ್ತಕವಾದರೆ ಸರದಿ ಮೇಲೆ ಓದುತ್ತೇವೆ. ಇಂಗ್ಲಿಷಿನದಾದರೆ ನಾನೇ ಓದಿಕೊಂಡು ಹೋಗಿ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಇದು ಗೊತ್ತಿರುವವರು ತುಮಕೂರಿನ ಮದುವೆ ಮನೆಯಲ್ಲಿ ಸಿಗಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗಲಿ, ಕೇಳುವ ಪ್ರಶ್ನೆ ಒಂದೇ. "ಮೇಡಂ, ನಮ್ಮ ತಂಗಿ ಮಗ ಅವರಪ್ಪನ್ನ ಕಳ್ಕೊಂಡಿದಾನೆ. ಮಾತೇ ಆಡಲ್ಲ. ಯಾವ ಪುಸ್ತಕ ಕೊಡಲಿ?" ನಾನು ಒಂದು ಹೆಸರು ಹೇಳುತ್ತೇನೆ, ಕಥೆ ಏನು ಅಂತಲೂ ಹೇಳುತ್ತೇನೆ. ಆಗ ಮುಖ ಗಾಬರಿಯಾಗುತ್ತದೆ. "ಅಯ್ಯೋ, ಅದರಲ್ಲೂ ಸಾವೇ ಇದೆಯಲ್ಲ! ಹುಡುಗ ಇನ್ನೂ ಕುಗ್ಗಿಹೋಗಲ್ವಾ?"

ಈ ಭಯ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ, ಕೊಡಿ ಅಂತಲೇ.

ಹುಡುಗನ ದುಃಖ ಪುಸ್ತಕದಿಂದ ಬಂದದ್ದಲ್ಲವಲ್ಲ. ಅಪ್ಪನ ಬೈಕು ಇನ್ನೂ ಜಗಲಿ ಪಕ್ಕದಲ್ಲೇ ನಿಂತಿದೆ. ತಿಥಿ ಊಟಕ್ಕೆ ಬಂದವರೆಲ್ಲ ಅವನ ತಲೆ ಸವರಿ, "ಇನ್ಮೇಲೆ ಮನೆಗೆ ನೀನೇ ದೊಡ್ಡವನು ಕಣಪ್ಪ, ಅಮ್ಮನ್ನ ಚೆನ್ನಾಗಿ ನೋಡ್ಕೋ" ಅಂತ ಹೇಳಿ ಹೋಗಿದ್ದಾರೆ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕೇಳಿಸಿಕೊಂಡವನು ಏಳನೇ ಕ್ಲಾಸಿನ ಹುಡುಗ. ಅವತ್ತಿನಿಂದ ಅವನು ಅಮ್ಮನ ಎದುರು ಅಳುವ ಹಾಗಿಲ್ಲ. ಅವನ ತಲೆಯಲ್ಲಿ ಏನು ಓಡುತ್ತಿದೆ ಅಂತ ಯಾರೂ ಕೇಳುವುದೂ ಇಲ್ಲ. ಅಲ್ಲಿ ಓಡುತ್ತಿರುವ ಯೋಚನೆಗಳಲ್ಲಿ ಕೆಲವು ಅವನಿಗೇ ನಾಚಿಕೆ ತರುವಂಥವು. ಅದೇ ಯೋಚನೆ ಇನ್ನೊಬ್ಬ ಹುಡುಗನಿಗೂ ಬಂದಿತ್ತು ಅಂತ ಅವನಿಗೆ ಗೊತ್ತಾಗಬೇಕು. ನನಗೆ ಕಾದಂಬರಿ ಬೇಕಾಗುವುದು ಇದಕ್ಕಾಗಿ.

'ಬ್ರಿಡ್ಜ್ ಟು ಟೆರಾಬಿತಿಯಾ' ಕಾದಂಬರಿಯನ್ನು ನಾನು ಮೊದಲು ಹೇಳುತ್ತೇನೆ. ಅಮೆರಿಕದ ಕ್ಯಾಥರಿನ್ ಪ್ಯಾಟರ್ಸನ್ 1977ರಲ್ಲಿ ಬರೆದದ್ದು. ಅವರ ಮಗನ ಗೆಳತಿ, ಎಂಟು ವರ್ಷದ ಹುಡುಗಿ, 1974ರಲ್ಲಿ ಸಿಡಿಲು ಬಡಿದು ತೀರಿಕೊಂಡಳು. ಮಗನ ಸಂಕಟ ನೋಡಲಾಗದೆ ಅಮ್ಮ ಬರೆದ ಪುಸ್ತಕ ಇದು. ಕಥೆಯಲ್ಲಿ ಜೆಸ್ ಅನ್ನುವ ಬಡ ಮನೆಯ ಹುಡುಗ, ಪಕ್ಕದ ಮನೆಗೆ ಹೊಸದಾಗಿ ಬಂದ ಲೆಸ್ಲಿ ಅನ್ನುವ ಹುಡುಗಿ. ಹಳ್ಳದ ಆಚೆ ಇಬ್ಬರೂ ಸೇರಿ ತಮ್ಮದೇ ಒಂದು ರಾಜ್ಯ ಕಟ್ಟಿಕೊಳ್ಳುತ್ತಾರೆ. ಹಗ್ಗ ಹಿಡಿದು ಜೀಕಿ ಹಳ್ಳ ದಾಟಬೇಕು. ಮಳೆ ಬಂದು ಹಳ್ಳ ತುಂಬಿದ ಒಂದು ದಿನ ಲೆಸ್ಲಿ ಒಬ್ಬಳೇ ಹೋಗುತ್ತಾಳೆ, ಹಗ್ಗ ತುಂಡಾಗುತ್ತದೆ.

ಇಲ್ಲಿಂದ ಮುಂದಿನ ಪುಟಗಳು ನನಗೆ ಬಹಳ ಮುಖ್ಯ. ಜೆಸ್ ಅಳುವುದಿಲ್ಲ. ಸುದ್ದಿ ಸುಳ್ಳು ಅಂತ ಕೂಗಿ ರಸ್ತೆಯಲ್ಲಿ ಓಡುತ್ತಾನೆ. ಮಾರನೇ ಬೆಳಿಗ್ಗೆ ತಟ್ಟೆ ತುಂಬ ತಿಂಡಿ ತಿನ್ನುತ್ತಾನೆ, ರುಚಿಯಾಗಿಯೇ ಇದೆ. ತನ್ನ ವಯಸ್ಸಿನವರಲ್ಲಿ ಪ್ರಾಣಸ್ನೇಹಿತೆ ಸತ್ತಿರುವುದು ತನಗೊಬ್ಬನಿಗೇ, ಇನ್ನು ಸ್ಕೂಲಿನಲ್ಲಿ ಎಲ್ಲರೂ ತನಗೆ ಮರ್ಯಾದೆ ಕೊಡಬಹುದು ಅಂತಲೂ ಯೋಚಿಸುತ್ತಾನೆ. ಪುಟ್ಟ ತಂಗಿ ಏನೋ ಕೇಳಿದಳು ಅಂತ ಅವಳಿಗೆ ಹೊಡೆಯುತ್ತಾನೆ. ಲೆಸ್ಲಿ ಕೊಟ್ಟಿದ್ದ ಬಣ್ಣದ ಡಬ್ಬಿಯನ್ನು ನೀರಿಗೆ ಎಸೆಯುತ್ತಾನೆ.

ಈ ಭಾಗ ಹೇಳುವಾಗ ಲೈಬ್ರರಿಯಲ್ಲಿ ಗಲಾಟೆ ನಿಂತುಬಿಡುತ್ತದೆ. ಒಮ್ಮೆ ಒಬ್ಬ ಹುಡುಗ ಸುಮ್ನೆ ಕೂತಿದ್ದವನು ಕೇಳಿದ, "ತಿಂಡಿ ತಿಂದಿದ್ದು ತಪ್ಪಲ್ವಾ ಮಿಸ್?" ತಪ್ಪಲ್ಲ ಅಂದೆ. ಹಸಿವಾಗುತ್ತೆ ಕಣೋ, ಯಾರು ಹೋದರೂ ಹೊಟ್ಟೆ ಹಸಿಯುತ್ತೆ ಅಂದೆ. ಅವನ ಮನೆಯಲ್ಲಿ ಏನಾಗಿತ್ತು ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಜೆಸ್ ಬಗ್ಗೆ ಮಾತಾಡಿದರೆ ಸಾಕು, ಅವನಿಗೆ ಬೇಕಾದ ಉತ್ತರ ಸಿಕ್ಕಿಬಿಡುತ್ತದೆ. ನೇರವಾಗಿ ಕೂರಿಸಿಕೊಂಡು "ನಿನಗೆ ಹೇಗನ್ನಿಸ್ತಿದೆ" ಅಂತ ಕೇಳಿದ್ದರೆ ಆ ಹುಡುಗ ಎದ್ದು ಹೋಗುತ್ತಿದ್ದ.

ಇನ್ನೊಂದು ಪುಸ್ತಕ ಇದಕ್ಕಿಂತ ಕಷ್ಟದ್ದು. 2011ರಲ್ಲಿ ಬಂದ 'ಎ ಮಾನ್‌ಸ್ಟರ್ ಕಾಲ್ಸ್'. ಇದರ ಕಥೆ ಹೊಳೆದದ್ದು ಶಿವಾನ್ ಡೌಡ್ ಅನ್ನುವ ಲೇಖಕಿಗೆ. ಅವರು 2007ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಬಿಟ್ಟುಹೋದ ಎಳೆ ಹಿಡಿದು ಪ್ಯಾಟ್ರಿಕ್ ನೆಸ್ ಕಾದಂಬರಿ ಬರೆದರು. ಹದಿಮೂರು ವರ್ಷದ ಕಾನರ್‌ನ ಅಮ್ಮನಿಗೆ ಕ್ಯಾನ್ಸರ್. ರಾತ್ರಿ 12 ಗಂಟೆ 7 ನಿಮಿಷಕ್ಕೆ ಹಿತ್ತಲಿನ ಆಚೆಯ ದೊಡ್ಡ ಮರ ಎದ್ದು ಬಂದು ಅವನಿಗೆ ಕಥೆ ಹೇಳುತ್ತದೆ. ಮೂರು ಕಥೆ ತಾನು ಹೇಳುತ್ತೇನೆ, ನಾಲ್ಕನೆಯದನ್ನು ನೀನು ಹೇಳಬೇಕು, ಅದು ನಿಜವಾಗಿರಬೇಕು ಅನ್ನುತ್ತದೆ. ಆ ನಿಜ ಏನೆಂದರೆ, ಅಮ್ಮನ ಈ ನರಳಾಟ ಬೇಗ ಮುಗಿದುಹೋಗಲಿ ಅಂತ ಕಾನರ್‌ಗೆ ಒಳಗೊಳಗೇ ಅನ್ನಿಸಿರುತ್ತದೆ.

ಮನೆಯಲ್ಲಿ ಬಹಳ ದಿನ ಮಲಗಿದವರನ್ನು ನೋಡಿಕೊಂಡ ದೊಡ್ಡವರಿಗೂ ಹೀಗನ್ನಿಸುತ್ತದೆ, ಅಲ್ವಾ? "ಒಂದು ಸಲ ಬಿಡುಗಡೆ ಆಗಿಬಿಡಲಿ ಪಾಪ" ಅಂತ ನಾವು ಜಗಲಿಯಲ್ಲಿ ಕೂತು ಬಾಯಿ ಬಿಟ್ಟೇ ಹೇಳುತ್ತೇವೆ. ಮಕ್ಕಳಿಗೆ ಆ ಅನುಕೂಲ ಇಲ್ಲ. ತಾನು ಹಾಗೆ ಅಂದುಕೊಂಡಿದ್ದಕ್ಕೇ ಅಮ್ಮ ಸತ್ತಳು ಅಂತ ನಂಬಿಕೊಂಡು ಬದುಕುವ ಮಗು ನಮ್ಮ ಪಕ್ಕದ ಮನೆಯಲ್ಲೇ ಇರಬಹುದು. ಕಾನರ್ ಆ ಮಾತನ್ನು ಜೋರಾಗಿ ಹೇಳುತ್ತಾನೆ, ಮರ ಅವನನ್ನು ಬೈಯುವುದಿಲ್ಲ. ಆ ಪುಟ ಒಂದಕ್ಕಾಗಿ ನಾನು ಈ ಪುಸ್ತಕವನ್ನು ಯಾರಿಗೆ ಬೇಕಾದರೂ ಶಿಫಾರಸು ಮಾಡುತ್ತೇನೆ. ಅದೇ ಪುಸ್ತಕದಲ್ಲಿ ಅವನು ಅಜ್ಜಿಯ ಮನೆಯ ಸಾಮಾನೆಲ್ಲ ಪುಡಿಪುಡಿ ಮಾಡುತ್ತಾನೆ. ಯಾರೂ ಶಿಕ್ಷೆ ಕೊಡುವುದಿಲ್ಲ. ಪಾಪದ ಹುಡುಗ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ, ಅದೇ ಅವನಿಗೆ ಜಾಸ್ತಿ ನೋಯುತ್ತದೆ. ಹೋಮ್‌ವರ್ಕ್ ಮಾಡದಿದ್ದರೂ ಬೈಸಿಕೊಳ್ಳದ ಹುಡುಗ ಕ್ಲಾಸಿನಲ್ಲಿ ಒಂಟಿಯಾಗುತ್ತಾನೆ. ನಮ್ಮ ಶಿಕ್ಷಕರು ಇದನ್ನು ಓದಬೇಕು ಅನ್ನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸಾವಿನ ಮಾತು. ಈ ಕಾದಂಬರಿಗಳಲ್ಲಿ ಇನ್ನೊಂದು ಪ್ರಶ್ನೆಯೂ ಇರುತ್ತದೆ. ನನ್ನನ್ನು ಕೇಳುವವರು ಯಾರೂ ಅದನ್ನು ಎತ್ತುವುದಿಲ್ಲ. ನಾನಿನ್ನು ಯಾರ ಮನೆಯವನು?

ನಮ್ಮ ಕಡೆ ಅಪ್ಪ ಹೋದರೆ ಮಗು ಅಜ್ಜಿ ಊರಿಗೆ ಹೋಗುತ್ತದೆ, ಇಲ್ಲವೇ ಸೋದರಮಾವನ ಮನೆಗೆ, ಇಲ್ಲವೇ ಹಾಸ್ಟೆಲ್ಲಿಗೆ. ಮಾವನ ಮನೆಯಲ್ಲಿ ಎರಡನೇ ಮುದ್ದೆ ಕೇಳಬಹುದೋ ಬಾರದೋ ಅನ್ನುವುದು ಆ ಮಗುವಿಗೆ ದೊಡ್ಡ ವಿಷಯ. ಮಾರ್ಕ್ಸ್ ಕಾರ್ಡಿನಲ್ಲಿ ಪೋಷಕರ ಸಹಿ ಅನ್ನುವ ಜಾಗದಲ್ಲಿ ಯಾರ ಕೈಯಲ್ಲಿ ಹಾಕಿಸುವುದು ಅನ್ನುವುದೂ ದೊಡ್ಡ ವಿಷಯವೇ. ಕೋವಿಡ್‌ನಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ಬಾಲ ಸೇವಾ ಯೋಜನೆ ತಂದು ತಿಂಗಳಿಗೆ 3,500 ರೂಪಾಯಿ ಕೊಟ್ಟಿತು. ಅದು ಬೇಕೇ ಬೇಕಿತ್ತು. ಆದರೆ ಎರಡನೇ ಮುದ್ದೆಯ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ.

ಇದಕ್ಕೆ ನಾನು ತೆಗೆಯುವ ಪುಸ್ತಕ 'ಆನ್ ಆಫ್ ಗ್ರೀನ್ ಗೇಬಲ್ಸ್'. ಕೆನಡಾದ ಎಲ್. ಎಂ. ಮಾಂಟ್ಗೊಮೆರಿ ಬರೆದದ್ದು, 1908ರದು. ಮದುವೆಯಾಗದ ಅಣ್ಣ ತಂಗಿ ಹೊಲದ ಕೆಲಸಕ್ಕೆ ಒಬ್ಬ ಗಂಡುಹುಡುಗ ಬೇಕು ಅಂತ ಹೇಳಿ ಕಳಿಸಿರುತ್ತಾರೆ. ಬಂದು ಇಳಿದದ್ದು ಹನ್ನೊಂದು ವರ್ಷದ ಅನಾಥ ಹುಡುಗಿ ಆನ್. ತಾನು ಇವರಿಗೆ ಬೇಡವಾಗಿದ್ದವಳು ಅಂತ ಮೊದಲ ದಿನವೇ ಅವಳಿಗೆ ಗೊತ್ತಾಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಈ ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಗಳಾದ ಮೇಲೆ ಅವಳನ್ನು ಬಹಳ ಹಚ್ಚಿಕೊಂಡಿದ್ದ ಆ ಅಣ್ಣ, ಮ್ಯಾಥ್ಯೂ, ತೀರಿಕೊಳ್ಳುತ್ತಾನೆ. ಅವತ್ತು ಆನ್‌ಗೆ ಕಣ್ಣೀರು ಬರುವುದಿಲ್ಲ, ರಾತ್ರಿ ಎಚ್ಚರವಾದಾಗ ಬರುತ್ತದೆ. ಕೆಲವು ವಾರ ಕಳೆದ ಮೇಲೆ ಅವಳಿಗೆ ಹೂವು ನೋಡಿ ಖುಷಿಯಾಗುತ್ತದೆ, ನಗು ಬರುತ್ತದೆ. ಮ್ಯಾಥ್ಯೂಗೆ ಮೋಸ ಮಾಡಿದ ಹಾಗಲ್ಲವಾ ಅಂತ ಸಂಕಟಪಡುತ್ತಾಳೆ. ಸಾವಾದ ಮನೆಯ ಮಕ್ಕಳು ವರ್ಷದ ಹಬ್ಬಕ್ಕೆ ಹೊಸ ಬಟ್ಟೆ ಹಾಕಿಕೊಳ್ಳಲು ಹಿಂಜರಿಯುವುದನ್ನು ನೋಡಿದಾಗಲೆಲ್ಲ ನನಗೆ ಆನ್ ನೆನಪಾಗುತ್ತಾಳೆ.

ಸೇರುವ ಜಾಗ ಮನೆಯೇ ಆಗಬೇಕು ಅಂತೇನಿಲ್ಲ. ತುಮಕೂರಿನವರಿಗೆ ಇದು ಚೆನ್ನಾಗಿ ಗೊತ್ತು. ಟ್ರಂಕು ಹಿಡಿದು ಸಿದ್ಧಗಂಗಾ ಮಠಕ್ಕೆ ಬಂದು ಅಲ್ಲೇ ಉಂಡು ಓದಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ, ಮಕ್ಕಳ ಊಟ ಆದ ಮೇಲೆ ಸುದ್ದಿ ಹೇಳಬೇಕು ಅನ್ನುವುದು ಅವರದೇ ಇಚ್ಛೆಯಾಗಿತ್ತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಮಗುವಿಗೆ ಸಾವಿನ ಸುದ್ದಿ ಹೇಗೆ ಹೇಳಬೇಕು ಅಂತ ಕೇಳುವವರಿಗೂ ನಾನು ಇದನ್ನೇ ಹೇಳುತ್ತೇನೆ. ಮೊದಲು ಊಟ, ಆಮೇಲೆ ನಿಜ. ಊರಿಗೆ ಹೋಗಿದ್ದಾರೆ, ನಕ್ಷತ್ರ ಆಗಿದ್ದಾರೆ ಅನ್ನುವ ಮಾತು ಬೇಡ. ಅಮ್ಮ ನಕ್ಷತ್ರವಾಗಿ ಕಾಯುತ್ತಾಳೆ ಅಂತ ಮುಗಿಯುವ ಮಕ್ಕಳ ಪುಸ್ತಕಗಳನ್ನೂ ನಾನು ಕೊಡುವುದಿಲ್ಲ.

'ಪಥೇರ್ ಪಾಂಚಾಲಿ' ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಈ ಬಂಗಾಳಿ ಕಾದಂಬರಿ ಪುಸ್ತಕವಾಗಿ ಬಂದದ್ದು 1929ರಲ್ಲಿ. ಅಕ್ಕ ದುರ್ಗಾಗೆ ರೈಲು ನೋಡುವ ಆಸೆ. ಜ್ವರ ಬಂದು ಮಲಗಿದಾಗಲೂ ತಮ್ಮ ಅಪುವಿನ ಹತ್ತಿರ ಅದನ್ನೇ ಕೇಳುತ್ತಾಳೆ. ಇದೇ ಕಥೆಯ ಸಿನಿಮಾದಲ್ಲಿ ಇಬ್ಬರೂ ಸೇರಿ ರೈಲು ನೋಡುತ್ತಾರೆ, ಕಾದಂಬರಿಯ ದುರ್ಗಾಗೆ ಅದು ಸಿಗುವುದೇ ಇಲ್ಲ. ಅವಳು ಸತ್ತ ಮೇಲೆ ಊರು ಬಿಡುವ ಹೊತ್ತಿಗೆ ಅಪುವಿಗೆ ಒಂದು ಚಿನ್ನದ ಕುಂಕುಮದ ಭರಣಿ ಸಿಗುತ್ತದೆ. ಅದನ್ನು ಕದ್ದಳು ಅಂತ ಹಿಂದೆ ದುರ್ಗಾ ಏಟು ತಿಂದಿದ್ದಳು. ಅಪು ಅದನ್ನು ಬಿದಿರ ಮೆಳೆಯೊಳಗೆ ಎಸೆದುಬಿಡುತ್ತಾನೆ, ಯಾರಿಗೂ ಹೇಳುವುದಿಲ್ಲ. ಸತ್ತ ಅಕ್ಕನಿಗೆ ಒಬ್ಬ ತಮ್ಮ ಇದಕ್ಕಿಂತ ಹೆಚ್ಚೇನು ಮಾಡಬಲ್ಲ?

ಕಳೆದುಕೊಳ್ಳುವುದು ಅಂದರೆ ಸಾವು ಮಾತ್ರ ಅಲ್ಲ. ಮನೆಯವರು ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದರು ಅಂತ ಟಿ.ಸಿ. ತೆಗೆದುಕೊಂಡು ಹೋಗುವ ಗೆಳೆಯರು ನಮ್ಮ ಸ್ಕೂಲುಗಳಲ್ಲಿ ಎಷ್ಟೋ ಮಂದಿ. ಅಂಥವರ ಜೊತೆಗಾರರಿಗೆ ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಇದೆ, 1935ರದು. ಮುನಿಸಿಕೊಂಡ ರಾಜಂ ರೈಲಿನಲ್ಲಿ ಊರು ಬಿಟ್ಟು ಹೋಗುವ ಕೊನೆಯ ಪುಟಗಳನ್ನು ಓದಿಸಿ. ರಾಜಂ ಕಾಗದ ಬರೆಯುತ್ತಾನಾ ಇಲ್ಲವಾ ಅಂತ ಸ್ವಾಮಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಪುಸ್ತಕ ಸಾಲದ ಸಂದರ್ಭಗಳೂ ಇವೆ. ಮಗು ವಾರಗಟ್ಟಲೆ ಸರಿಯಾಗಿ ತಿನ್ನುತ್ತಿಲ್ಲ, ನಿದ್ದೆ ಮಾಡುತ್ತಿಲ್ಲ, ತಾನೂ ಸಾಯಬೇಕು ಅನ್ನುತ್ತಿದೆ ಅಂದರೆ ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಗೆಯೇ ಸಾವಾದ ವಾರದಲ್ಲೇ ಯಾವ ಪುಸ್ತಕವನ್ನೂ ಕೈಗೆ ತುರುಕಬೇಡಿ. ಕಣ್ಣಿಗೆ ಬೀಳುವ ಜಾಗದಲ್ಲಿ ಇಡಿ. ತೆಗೆದುಕೊಂಡರೆ ತೆಗೆದುಕೊಳ್ಳಲಿ. ಓದಿ ಮುಗಿಸಿದ ಮೇಲೆ "ಏನು ಕಲಿತೆ" ಅಂತ ಮಾತ್ರ ಕೇಳಬೇಡಿ.

ಯಾವ ವಯಸ್ಸಿಗೆ ಯಾವುದು ಅಂತ ಕೇಳಿದರೆ, ಹತ್ತು ಹನ್ನೊಂದರವರಿಗೆ ಜೆಸ್ ಮತ್ತು ಲೆಸ್ಲಿಯ ಕಥೆ ಸರಿ. ಕಾನರ್‌ನ ಕಥೆ ಹೈಸ್ಕೂಲಿಗೆ. ಆನ್ ಯಾವಾಗಲಾದರೂ ಆಗಬಹುದು. ಇನ್ನು ನಮ್ಮದೇ ತಿಪಟೂರು, ಚನ್ನರಾಯಪಟ್ಟಣ ಸೀಮೆಯ ಕಾದಂಬರಿ ಇದೆ, ಎಸ್. ಎಲ್. ಭೈರಪ್ಪನವರ 'ಗೃಹಭಂಗ', 1970ರದು. ಭೈರಪ್ಪನವರೇ ಚಿಕ್ಕವರಿದ್ದಾಗ ಪ್ಲೇಗಿನಲ್ಲಿ ಒಡಹುಟ್ಟಿದವರನ್ನು ಕಳೆದುಕೊಂಡವರು. ಕಾದಂಬರಿಯಲ್ಲಿ ನಂಜಮ್ಮ ಅನ್ನುವ ತಾಯಿಯ ಇಬ್ಬರು ಮಕ್ಕಳು ಪ್ಲೇಗಿಗೆ ಹೋಗುತ್ತಾರೆ, ಆಮೇಲೆ ಅವಳೂ ಹೋಗುತ್ತಾಳೆ. ಉಳಿದ ಪುಟ್ಟ ವಿಶ್ವನನ್ನು ನೆಂಟರು ಯಾರೂ ಅಲ್ಲದ ಮಾದೇವಯ್ಯನವರು ಕರೆದುಕೊಂಡು ಊರು ಬಿಡುತ್ತಾರೆ. ಇದು ಪಿಯುಸಿಗೆ ಬರುವ ತನಕ ಬೇಡ. ಕೊಡುವ ಮುಂಚೆ ನೀವು ಓದಿರಿ. ಮಕ್ಕಳು ಸಾಯುವ ಪುಟ ಎಲ್ಲಿ ಬರುತ್ತದೆ ಅಂತ ನಿಮಗೆ ಗೊತ್ತಿದ್ದರೆ, ಹುಡುಗ ಅಲ್ಲಿಗೆ ಬರುವ ಹೊತ್ತಿಗೆ ನೀವು ಮನೆಯಲ್ಲಿ ಇರಬಹುದು.