ವಲಿಯಪರಂಬದಲ್ಲಿ ಹಗ್ಗ ಹೊಲಿದ ದಿನ

ಡಿಸೆಂಬರಿನ ಒಂದು ಶನಿವಾರ ಕುಂಬಳೆಯಿಂದ ರೈಲು ಹಿಡಿದು ಚೆರುವತ್ತೂರಿನಲ್ಲಿ ಇಳಿದೆ. ನನ್ನ ಜೊತೆ ಪಾಠ ಮಾಡುವ ಗೆಳತಿಯ ತವರು ಕೇರಳದ ಕಾಸರಗೋಡು ಜಿಲ್ಲೆಯ ವಲಿಯಪರಂಬ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಕವ್ವಾಯಿ ಹಿನ್ನೀರು, ನಡುವೆ ಚಾಚಿದ ಮರಳಿನ ಪಟ್ಟಿ. ಹೊಳೆ ನಡುವಿನ ನೆಲವನ್ನು ಕುದ್ರು ಎನ್ನುವ ನಮಗೆ ಇದೊಂದು ದೊಡ್ಡ ಕುದ್ರು.

ಅಂಗಳದಲ್ಲಿ ಅವಳ ಅಮ್ಮ ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿಯ ಮರಿಗಳನ್ನು ಹಗ್ಗಕ್ಕೆ ಹೊಲಿಯುತ್ತಿದ್ದರು. ಕಡಲಬಂಡೆಯಿಂದ ಕೆರೆದು ತಂದ ಉಗುರಿನಷ್ಟು ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲೆ ಹತ್ತಿಯ ಸೊಳ್ಳೆಪರದೆ ಬಟ್ಟೆ ಸುತ್ತಿ ಹೊಲಿಗೆ. ನೀರಿಗಿಳಿಸಿದ ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ, ಅಷ್ಟರೊಳಗೆ ಮರಿಗಳು ಹಗ್ಗಕ್ಕೆ ಕಚ್ಚಿಕೊಂಡಿರಬೇಕು. ಮಳೆ ಬಂದು ಸಿಹಿನೀರು ತುಂಬುವ ಮೊದಲೇ ಕೊಯ್ಲು. ನಾನೂ ಒಂದು ಹಗ್ಗ ಹಿಡಿದೆ. ನೂಲನ್ನು ಬಿಗಿಯಾಗಿ ಎಳೆದದ್ದನ್ನು ಕಂಡು ಅಮ್ಮ, “ಟೀಚರೇ, ಅವಕ್ಕೂ ಬೆಳೆಯಲು ಜಾಗ ಬೇಡವೇ?” ಎಂದರು.

ಜಾಗದ ಮಾತು ಮನೆಗೂ ಬಂತು. ಮಗನಿಗೆ ಪಕ್ಕದಲ್ಲೇ ಒಂದು ಮನೆ ಕಟ್ಟಿಸಬೇಕೆಂದು ಅಮ್ಮನ ಆಸೆ. ಕಡಲತೀರದಲ್ಲಿ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣದ 2011ರ ಅಧಿಸೂಚನೆ ಕೇರಳದ ಹಿನ್ನೀರಿನ ದ್ವೀಪಗಳಲ್ಲಿ ಭರತದ ನೀರು ಮುಟ್ಟುವ ಗೆರೆಯಿಂದ 50 ಮೀಟರ್ ಜಾಗವನ್ನು ನಿಯಂತ್ರಣಕ್ಕೆ ಒಳಪಡಿಸಿತ್ತು; 2019ರದ್ದು ಅದನ್ನು 20ಕ್ಕೆ ಇಳಿಸಿತು. ಈ ಅಂಕಿಗಳು ಅಮ್ಮನಿಗೆ ಬಾಯಿಪಾಠ.

ಅಷ್ಟರಲ್ಲಿ ಹೌಸ್‌ಬೋಟೊಂದು ಹಾದು ಹೋಯಿತು. ಹಗ್ಗ ಇಳಿಬಿಡಲು ಹಿನ್ನೀರಿನಲ್ಲಿ ನೆಟ್ಟ ಬಿದಿರುಗಳು ಅದರ ಅಲೆಗೆ ಅಲುಗಾಡಿದವು. ಇದೇ ಜಿಲ್ಲೆಯ ಕೋಟೆಯೂರು ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶವೆಂದು ಘೋಷಿಸಿದ್ದು 1992ರಲ್ಲಿ. ಕೇರಳದ 2005ರ ಪ್ರವಾಸೋದ್ಯಮ ಕಾಯ್ದೆ ಪ್ರವಾಸಿ ಮಹತ್ವವಿರುವ ಜಾಗವನ್ನು ವಿಶೇಷ ಪ್ರವಾಸೋದ್ಯಮ ವಲಯವಾಗಿ ಘೋಷಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಘೋಷಣೆಯಾದರೆ ಅಲ್ಲಿ ಕಟ್ಟಡ ಕಟ್ಟುವುದು ಆ ವಲಯದ ಮಾರ್ಗಸೂಚಿಗೆ ಒಳಪಡಬೇಕು. ಕಾಯ್ದೆಯ ಹೆಸರಿನಲ್ಲೇ ಸಂರಕ್ಷಣೆ ಎಂಬ ಪದವಿದೆ. ಅದು ನನಗೆ ಇಷ್ಟವೇ, ಅಂಕೆಯಿಲ್ಲದೆ ರೆಸಾರ್ಟ್ ಕಟ್ಟುವುದಕ್ಕಿಂತ ಕಾನೂನು ಎಷ್ಟೋ ಮೇಲು. ಆದರೆ ನಾಳೆ ಇಲ್ಲಿಗೂ ಅಂಥ ವಲಯದ ನಕ್ಷೆ ಬಂದರೆ ಈ ಬಿದಿರುಗಳ ಸಾಲು, ದೋಣಿಯ ಕಡವು, ಬಲೆ ಒಣಗಿಸುವ ಮರಳು ಅದರಲ್ಲಿ ಮೊದಲು ಮೂಡಬೇಕು. ಅದನ್ನು ಗುರುತಿಸಬಲ್ಲವರು ಅಮ್ಮನಂಥವರೇ. ಅವರನ್ನು ಕೇಳದೆ ಬರೆದ ಸಂರಕ್ಷಣೆಯನ್ನು ನಾನು ಒಪ್ಪಲಾರೆ.

ಇಳಿಹೊತ್ತಿಗೆ ದೋಣಿಯಲ್ಲಿ ಹೋದೆವು. ನಾನು ಹೊಲಿದ ಹಗ್ಗವನ್ನು ಅಮ್ಮ ಕೊನೆಯ ಬಿದಿರಿಗೆ ಕಟ್ಟಿ ನೀರಿಗಿಳಿಸಿದರು. ಕೊಯ್ಲಿಗೆ ಬರಲೇಬೇಕೆಂದು ಹೇಳಿದ್ದಾರೆ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿಯುತ್ತಲೇ ಹೊರಡುತ್ತೇನೆ.