ಕೊಟ್ಟವರಿಗೆ ಲಾಭವೋ, ಕೊಂಡವರಿಗೋ?

ಗದಗಿನಲ್ಲಿ ಹಾಕಿ ಅಂದರೆ ಹುಲ್ಲಿನ ಮೈದಾನ, ಬಿಸಿಲು, ಧೂಳು. ಆದರೆ ಇವತ್ತು ಗಿರ್ಮಿಟ್ ತಿನ್ನುತ್ತಾ ನಾವು ಜಗಳ ಆಡಿದ್ದು ಕೆನಡಾದ ಐಸ್ ಹಾಕಿ ಬಗ್ಗೆ! ಯಾರೋ ಸ್ಟಾರ್ ಆಟಗಾರ ಟೀಮ್ ಬದಲಿಸ್ತಾನಂತೆ ಅಂತ ಗಾಳಿಸುದ್ದಿ. ಒಬ್ಬನನ್ನು ಕೊಟ್ಟು ಮೂವರು ಹುಡುಗರು, ಮೇಲೆ ಡ್ರಾಫ್ಟ್ ಪಿಕ್ ಸಿಕ್ಕರೆ ಲಾಭ ಅಂತ ಒಂದು ಪಕ್ಷ. ಡ್ರಾಫ್ಟ್ ಪಿಕ್ ಅಂದರೆ ಮುಂದೆ ಹೊಸ ಹುಡುಗರನ್ನು ಆರಿಸುವ ಸರದಿ. ಬಿತ್ತನೆಗೆ ಮೊದಲೇ ಮೆಣಸಿನಕಾಯಿಗೆ ರೇಟು ಕಟ್ಟಿದ ಹಾಗೆ, ಅಲ್ವಾ?

ನಾನು ಐಸ್ ಹಾಕಿಯ ದಂತಕಥೆ ಗ್ರೆಟ್ಸ್ಕಿ ಕತೆ ತೆಗೆದೆ. 1988ರಲ್ಲಿ ಐಸ್ ಹಾಕಿಯ ದೊಡ್ಡ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದ ಕೆನಡಾದ ಎಡ್ಮಂಟನ್ ಆಯಿಲರ್ಸ್, ಅದೇ ಆಗಸ್ಟ್ 9ಕ್ಕೆ ವೇಯ್ನ್ ಗ್ರೆಟ್ಸ್ಕಿಯನ್ನು ಅಮೆರಿಕದ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ಟುಬಿಟ್ಟಿತು. ಬದಲಿಗೆ ಆಟಗಾರರು, 3 ಮೊದಲ ಸುತ್ತಿನ ಪಿಕ್, 1.5 ಕೋಟಿ ಡಾಲರ್. ಕೆನಡಾ ಸರ್ಕಾರವೇ ಇದನ್ನು ತಡೆಯಲಿ ಅಂತ ಒಬ್ಬ ಸಂಸದರು ಕೇಳಿದ್ದರು! ಆದರೆ 1990ರಲ್ಲಿ ಕಪ್ ಮತ್ತೆ ಎಡ್ಮಂಟನ್‌ಗೇ ಬಂತು. ಗ್ರೆಟ್ಸ್ಕಿ ಇದ್ದ ಕಿಂಗ್ಸ್ 1993ರ ಫೈನಲ್‌ನಲ್ಲಿ ಮಾಂಟ್ರಿಯಲ್‌ಗೆ ಸೋತಿತು.

ಹಾಗಾದರೆ ಕೊಟ್ಟವರೇ ಜಾಣರಾ? ಕಪ್ ಲೆಕ್ಕದಲ್ಲಿ ಹೌದು. ಆದರೆ ಬಿಸಿಲೂರು ಕ್ಯಾಲಿಫೋರ್ನಿಯಾದಲ್ಲಿ ಐಸ್ ಹಾಕಿ ಹುಚ್ಚು ಹಿಡಿಸಿದ್ದು ಗ್ರೆಟ್ಸ್ಕಿಯೇ. 1991ರಲ್ಲಿ ಸ್ಯಾನ್ ಹೋಸೆ, 1993ರಲ್ಲಿ ಅನಾಹೈಮ್ ಟೀಮ್ ಬಂದವು. ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ.

ನಮ್ಮ ಹಾಕಿ ಇಂಡಿಯಾ ಲೀಗ್‌ನಲ್ಲಾದರೋ ಆಟಗಾರರನ್ನು ಕೊಳ್ಳುವುದು ಹರಾಜಿನಲ್ಲಿ. 2024ರಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ ಸಿಕ್ಕಿತು. ಒಬ್ಬ ಹಳೇ ಆಟಗಾರರು ಸುಮ್ನೆ ಕೇಳುತ್ತಿದ್ದವರು, 'ನಮ್ಮ ಕಾಲಕ್ಕೆ ಸ್ಟಿಕ್ ಕೊಡಿಸಿದವನೇ ಟೀಮ್ ಮಾಲೀಕ' ಅಂದರು.