ಮರದ ರೆಕ್ಕೆಯಲ್ಲಿ ಕೆಲ್‌ಹೈಮ್‌ವರೆಗೆ

ದಕ್ಷಿಣ ಜರ್ಮನಿಯ ಶ್ವೇಬಿಷ್ ಆಲ್ಬ್ ಸುಣ್ಣಕಲ್ಲಿನ ಪ್ರಸ್ಥಭೂಮಿ. ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಬೇಗ ಇಂಗಿಹೋಗುವುದರಿಂದ ಅಲ್ಲಿನ ನೆಲ ಸುತ್ತಲಿನ ಕಣಿವೆಗಳಿಗಿಂತ ಮೊದಲೇ ಒಣಗಿ ಕಾಯುತ್ತದೆ. ಆ ನೆಲದಿಂದ ಏಳುವ ಬಿಸಿಗಾಳಿಯನ್ನು, ಅಂದರೆ ಥರ್ಮಲ್‌ಗಳನ್ನು, ಹಿಡಿದು ಸುತ್ತುತ್ತ ಮೇಲೇರಿ, ಗಳಿಸಿದ ಎತ್ತರವನ್ನು ಮುಂದಿನ ಥರ್ಮಲ್‌ವರೆಗಿನ ದೂರಕ್ಕೆ ವ್ಯಯಿಸುತ್ತ ಎಂಜಿನ್ ಇಲ್ಲದ ಗ್ಲೈಡರ್‌ಗಳು ನೂರಾರು ಕಿಲೋಮೀಟರ್ ಸಾಗುತ್ತವೆ. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕಿರುವ ನಾನು ಟೆಕ್ ಕೋಟೆಯ ಬುಡದ ಬಯಲಿನಿಂದ ಕೆಲ್‌ಹೈಮ್‌ಗೆ ಹೋಗಿ ಮರಳಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಹೋಗಿ ಬರುವ ದಾರಿ ಸುಮಾರು 360 ಕಿಲೋಮೀಟರ್. ಅದನ್ನು ನಮ್ಮ ಕ್ಲಬ್ಬಿನ ಮರದ ಗ್ಲೈಡರ್ ಕಾ 6ರಲ್ಲೇ ಕ್ರಮಿಸಬೇಕೆಂಬುದು ನನ್ನ ಆಸೆಯಾಗಿತ್ತು.

ರುಡಾಲ್ಫ್ ಕೈಸರ್ ವಿನ್ಯಾಸಗೊಳಿಸಿದ ಕಾ 6 ಮೊದಲು ಹಾರಿದ್ದು 1955ರಲ್ಲಿ. ಹೈಂಜ್ ಹೂತ್ 1960ರಲ್ಲೂ 1963ರಲ್ಲೂ ಸ್ಟ್ಯಾಂಡರ್ಡ್ ವರ್ಗದ ವಿಶ್ವ ಚಾಂಪಿಯನ್ ಆದದ್ದು ಇದರಲ್ಲೇ. ಹದಿನೈದು ಮೀಟರ್ ಅಗಲದ ರೆಕ್ಕೆಯ ಮುಂಭಾಗಕ್ಕೆ ತೆಳು ಪ್ಲೈವುಡ್, ಹಿಂಭಾಗಕ್ಕೆ ಬಿಗಿದು ಬಣ್ಣ ಬಳಿದ ಬಟ್ಟೆ. ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು ಇಪ್ಪತ್ತೊಂಬತ್ತು ಕಿಲೋಮೀಟರ್ ಜಾರುತ್ತದೆ. ಇಂದಿನ ಫೈಬರ್ ಗ್ಲೈಡರ್‌ಗಳು ನಲವತ್ತು ದಾಟುತ್ತವೆ. ವೇಗ ಹೆಚ್ಚಿಸಿದರಂತೂ ಈ ಅಂತರ ಇನ್ನೂ ಬೆಳೆಯುತ್ತದೆ, ಏಕೆಂದರೆ ಗಂಟೆಗೆ ನೂರ ಹತ್ತು ಕಿಲೋಮೀಟರ್ ಮೀರಿದೊಡನೆ ಕಾ 6 ಬಹಳ ಬೇಗ ಕೆಳಗಿಳಿಯತೊಡಗುತ್ತದೆ.

ಆ ಮೇ ತಿಂಗಳ ದಿನ ಪೂರ್ವದಿಂದ ಒಣಗಾಳಿ ಬೀಸುತ್ತಿತ್ತು. ಹೋಗುವಾಗ ಎದುರುಗಾಳಿಯನ್ನು ಸಹಿಸಿದರೆ ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆಂಬ ಲೆಕ್ಕದಲ್ಲಿ ಹತ್ತೂವರೆಗೆ ಹೊರಟೆ. ಹಳೆಯ ದಾಖಲೆಗಳಲ್ಲಿ ಹಲವನ್ನು ಸಾಧಿಸಿದ್ದು ಗಾಳಿ ಹೋದತ್ತ ಹೋಗಿ. 1935ರಲ್ಲಿ ನಾಲ್ವರು ಜರ್ಮನಿಯ ವಾಸ್ಸರ್‌ಕುಪ್ಪೆ ಬೆಟ್ಟದಿಂದ ಜೆಕೊಸ್ಲೊವಾಕಿಯದ ಬ್ರನೋವರೆಗೆ ಐನೂರು ಕಿಲೋಮೀಟರ್ ಹಾರಿದರು; 1939ರಲ್ಲಿ ಓಲ್ಗಾ ಕ್ಲೆಪಿಕೋವಾ ಮಾಸ್ಕೋದಿಂದ ಸ್ಟಾಲಿನ್‌ಗ್ರಾಡ್ ಕಡೆಗೆ 749 ಕಿಲೋಮೀಟರ್ ಸಾಗಿದರು. ಕ್ಲೆಪಿಕೋವಾ ಅವರ ಹಾರಾಟದ ಬಗ್ಗೆ ನನಗೆ ಅಪಾರ ಗೌರವ. ಇಳಿದ ಹೊಲದಿಂದ ಮನೆಗೆ ಮರಳುವುದು ಆಗ ದೊಡ್ಡ ಪ್ರಯಾಣವೇ ಆಗಿದ್ದಿರಬೇಕು.

ಎದುರುಗಾಳಿಯಲ್ಲಿ ಹಗುರ ವಿಮಾನ ಮುಂದೆ ಸಾಗುವುದು ನಿಧಾನ. ಪ್ರತಿ ಥರ್ಮಲ್‌ನಲ್ಲಿ ಸುತ್ತುವಷ್ಟು ಹೊತ್ತೂ ಗಾಳಿ ನನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು. ಆದ್ದರಿಂದ ದುರ್ಬಲವಾದವನ್ನು ಬಿಟ್ಟು ಬಲವಾದವನ್ನಷ್ಟೇ ಆರಿಸಿಕೊಂಡೆ. ನ್ಯೋರ್ಡ್‌ಲಿಂಗೆನ್ ಸುತ್ತಲಿನ ರೀಸ್ ಬಯಲು ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಉಲ್ಕೆ ಬಡಿದು ಉಂಟಾದ ಕುಳಿ. ಅದರ ತೇವದ ಹೊಲಗಳ ಮೇಲೆ ಥರ್ಮಲ್‌ಗಳು ಸೊರಗುತ್ತವೆಂದು ದಕ್ಷಿಣದ ಅಂಚನ್ನೇ ಹಿಡಿದೆ. ಆಮೇಲೆ ಐಕ್‌ಸ್ಟೆಟ್ ಕಡೆಯ ಕಲ್ಲುಗಣಿಗಳು ನೆರವಾದವು. ಪದರ ಪದರವಾಗಿ ಸೀಳುವ ಈ ಸೀಮೆಯ ಸುಣ್ಣಕಲ್ಲಿನಲ್ಲೇ, ಸೋಲ್ನ್‌ಹೋಫೆನ್ ಬಳಿ, 1861ರಲ್ಲಿ ಆದಿಪಕ್ಷಿ ಆರ್ಕಿಯಾಪ್ಟೆರಿಕ್ಸ್‌ನ ಪಳೆಯುಳಿಕೆ ಸಿಕ್ಕಿತ್ತು. ಆ ಬೋಳು ಗಣಿಯೊಂದರ ಮೇಲೆ ಸೆಕೆಂಡಿಗೆ ಎರಡೂವರೆ ಮೀಟರ್‌ನಂತೆ ಏರಿದೆ. ಎರಡೂವರೆಯ ಹೊತ್ತಿಗೆ ಡ್ಯಾನ್ಯೂಬ್ ಮತ್ತು ಆಲ್ಟ್‌ಮ್ಯೂಲ್ ನದಿಗಳು ಕೂಡುವಲ್ಲಿ, ಗುಡ್ಡದ ಮೇಲೆ ದುಂಡಗೆ ನಿಂತ ಕೆಲ್‌ಹೈಮ್‌ನ ಸ್ಮಾರಕ ಭವನ ಬೆಫ್ರೈಯುಂಗ್ಸ್‌ಹಾಲೆ ರೆಕ್ಕೆಯ ಕೆಳಗೆ ಕಂಡಿತು. ಅಲ್ಲಿಂದ ತಿರುಗಿದೆ.

ಬೆನ್ನಗಾಳಿಯಿಂದ ಮರುದಾರಿ ಚುರುಕಾಗಿತ್ತು. ಆದರೆ ಹೆರ್ಟ್ಸ್‌ಫೆಲ್ಡ್ ಪ್ರಸ್ಥಭೂಮಿಯ ಮೇಲೆ ದೂರದವರೆಗೆ ಏನೂ ಸಿಗದೆ, ನೆರೆಸ್‌ಹೈಮ್ ಮಠದ ಹತ್ತಿರ ಬರುವಾಗ ನೆಲದಿಂದ 350 ಮೀಟರ್ ಮಾತ್ರ ಉಳಿದಿತ್ತು. ಮನೆಗೆ ಇನ್ನೂ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್. ಇಳಿಯಲು ಗಾಳಿಗೆದುರಾಗಿ ಉದ್ದವಾಗಿದ್ದ ಒಂದು ಹುಲ್ಲುಗಾವಲನ್ನು ಗೊತ್ತುಮಾಡಿಕೊಂಡು, ಕಾಡಿನ ಅಂಚಿನತ್ತ ತಿರುಗಿದೆ. ಎಡರೆಕ್ಕೆ ತುಸುವೇ ಮೇಲೆದ್ದಿತು. ಮರದ ರೆಕ್ಕೆ ಇಷ್ಟು ಸಣ್ಣ ಒತ್ತಡವನ್ನೂ ಸೀಟಿಗೆ ಮುಟ್ಟಿಸುತ್ತದೆ. ಏರುವ, ಇಳಿಯುವ ವೇಗ ತೋರಿಸುವ ವೇರಿಯೋಮೀಟರ್‌ನ ಮುಳ್ಳು ಕದಲಿದ್ದು ಅದರ ಅನಂತರ. ಗಂಟೆಗೆ ಎಪ್ಪತ್ತು ಕಿಲೋಮೀಟರ್‌ನಲ್ಲಿ, ವಿಮಾನ ಓರೆಯಾಗಿ ಜಾರುತ್ತಿದೆಯೇ ಎಂದು ತೋರಿಸಲು ಗಾಜಿಗೆ ಅಂಟಿಸಿದ ಉಣ್ಣೆದಾರ ನೇರವಾಗಿ ನಿಲ್ಲುವಂತೆ ಕಾಲು-ಕೈ ಹೊಂದಿಸಿ, ಕಿರಿದಾದ ಸುತ್ತು ಹಾಕತೊಡಗಿದೆ. ಮುಳ್ಳು ಸೊನ್ನೆಯಲ್ಲಿ ನಿಂತಿತು, ಸೆಕೆಂಡಿಗೆ ಕಾಲು ಮೀಟರ್ ಏರಿಕೆ ತೋರಿಸಿತು, ಮತ್ತೆ ಸೊನ್ನೆಗೆ ಬಂದಿತು. ವೃತ್ತವನ್ನು ಕಾಡಿನ ಕಡೆಗೆ ಸರಿಸಿದ ಮೇಲೆ ಅರ್ಧ ಮೀಟರ್‌ನಲ್ಲಿ ನೆಲೆಯಾಯಿತು. ಇಷ್ಟು ಮೆಲ್ಲನೆಯ ಏರಿಕೆಯಲ್ಲಿ ಭಾರದ ಗ್ಲೈಡರ್ ದೊಡ್ಡ ವೃತ್ತ ಹಾಕಬೇಕಾಗಿ, ಥರ್ಮಲ್‌ನ ಹೊರಗೇ ಉಳಿದು ಇಳಿದುಬಿಡುತ್ತದೆ. ರೆಕ್ಕೆಯ ಪ್ರತಿ ಚದರ ಮೀಟರಿಗೆ ಸುಮಾರು 24 ಕಿಲೋಗ್ರಾಂ ಮಾತ್ರ ಹೊರುವ ಕಾ 6 ಸಣ್ಣ ಸುತ್ತಿನಲ್ಲೇ ಉಳಿಯಬಲ್ಲದು. ಮೇಲಾಗಿ ಈಗ ಗಾಳಿ ನನ್ನನ್ನು ಮನೆಯತ್ತಲೇ ಒಯ್ಯುತ್ತಿತ್ತು. ಇಪ್ಪತ್ತು ನಿಮಿಷದ ಕೊನೆಗೆ ಸಾವಿರ ಮೀಟರ್‌ಗೆ ಸಮೀಪಿಸಿದ್ದೆ. ದೂರದ ಹಾರಾಟಕ್ಕೆ ಈ ವಿಮಾನ ತಕ್ಕದ್ದಲ್ಲ ಎನ್ನುವವರೊಡನೆ ನನ್ನ ವಾದ ಇಷ್ಟೇ: ವೇಗವಾಗಿ ಜಾರುವಂತೆಯೇ ಇಳಿಯದೆ ಉಳಿಯುವುದೂ ದೂರ ಹೋಗುವ ಒಂದು ವಿಧಾನ.

ಗೈಸ್ಲಿಂಗೆನ್ ಮೇಲೆ ಕೊನೆಯ ಥರ್ಮಲ್ ಸಿಕ್ಕಿತು. ಒಂದು ಕಿಲೋಮೀಟರ್ ಎತ್ತರಕ್ಕೆ ಪುಸ್ತಕ ಹೇಳುವ ಇಪ್ಪತ್ತೊಂಬತ್ತು ಕಿಲೋಮೀಟರನ್ನು ನಂಬದೆ ಇಪ್ಪತ್ತರ ಲೆಕ್ಕ ಹಿಡಿದು ಎತ್ತರ ಇಟ್ಟುಕೊಂಡದ್ದರಿಂದ, ಆರು ಗಂಟೆಗೆ ಮುನ್ನ ನಮ್ಮ ಬಯಲಿನ ಮೇಲೆ ಧಾರಾಳ ಎತ್ತರದಲ್ಲೇ ಬಂದು ಇಳಿದೆ. ರೆಕ್ಕೆಯ ಮುಂಚೂಣಿಗೆ ಅಂಟಿದ್ದ ಹುಳಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ತೇವ ಒಳಹೊಕ್ಕರೆ ಹಳೆಯ ಅಂಟಿನ ಬೆಸುಗೆಗಳು ಹಾಳಾಗುವುದರಿಂದ, ಇಬ್ಬನಿ ಬೀಳುವ ಮೊದಲೇ ಅದನ್ನು ಹ್ಯಾಂಗರ್‌ಗೆ ತಳ್ಳಿದೆವು.